ಮೊಣಕಾಲು ಮಡಚದ ಟೈಲ್ಸ್ ಕೆಲಸಗಾರನ ನಷ್ಟ ಶೇಕಡ 12 ಮಾತ್ರವೇ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಅರಸೀಕೆರೆ ಸುತ್ತಮುತ್ತ ಮನೆಗಳಿಗೆ ಟೈಲ್ಸ್ ಹಾಕುತ್ತಿದ್ದ. ನಾಲ್ಕೂವರೆ ತಿಂಗಳ ಹಿಂದೆ ಅವನು ಬೈಕಿನಲ್ಲಿ ಹೋಗುತ್ತಿದ್ದಾಗ, ಬಸ್ಸನ್ನು ಹಿಂದಿಕ್ಕಲು ಎದುರಿನಿಂದ ನುಗ್ಗಿದ ಕಾರು ಗುದ್ದಿತು. ಬಲಗಾಲಿನ ಮೂಳೆ ಮೊಣಕಾಲಿನ ಕೀಲಿನ ಹತ್ತಿರವೇ ಮುರಿದು, ಪ್ಲೇಟು ಹಾಕಿದ್ದಾರೆ. ಈಗ ನಡೆಯುತ್ತಾನೆ, ಆದರೆ ಕುಕ್ಕರುಗಾಲಿನಲ್ಲಿ ಕೂರಲು ಆಗುವುದಿಲ್ಲ. ಕಾಲಿಗೆ ಶೇ. 36, ಇಡೀ ದೇಹಕ್ಕೆ ಶೇ. 12ರಷ್ಟು ಊನ ಉಳಿಯಬಹುದು ಎಂದು ವೈದ್ಯರು ಬಾಯಲ್ಲಿ ಹೇಳಿದ್ದಾರೆ. ಗಾಬರಿಯಲ್ಲಿ ಪೊಲೀಸರಿಗೆ ದೂರು ಕೊಟ್ಟದ್ದು ಮೂರು ದಿನ ಬಿಟ್ಟು. ಮೊದಲು ಕರೆದೊಯ್ದ ಆಸ್ಪತ್ರೆಯ ಚೀಟಿಯಲ್ಲಿ ‘ಬೈಕಿನಿಂದ ಬಿದ್ದು ಗಾಯ’ ಎಂದು ಬರೆದಿದೆ. ಅವನ ಚಾಲನಾ ಪರವಾನಗಿಯ ಅವಧಿಯೂ ಮುಗಿದಿತ್ತು. ಸಂಬಳದ ಚೀಟಿ ಎಂಬುದು ಅವನ ಕೆಲಸದಲ್ಲಿ ಇಲ್ಲವೇ ಇಲ್ಲ. ವಿಮಾ ಕಂಪನಿಯ ಕಡೆಯವರೆಂದು ಹೇಳಿಕೊಂಡು ಬಂದ ಒಬ್ಬರು, ‘ಶೇ. 12ಕ್ಕೆ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಬರುವುದಿಲ್ಲ, ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಹಿಡಿಯುತ್ತದೆ, ಈಗಲೇ ರಾಜಿಗೆ ಸಹಿ ಹಾಕಿ’ ಎನ್ನುತ್ತಿದ್ದಾರೆ. ಹಾಕುವುದೇ?

ಉತ್ತರ: ಹಾಕಬೇಡಿ. ಅರ್ಜಿ ದಾಖಲಾಗುವ ಮೊದಲು, ಚಿಕಿತ್ಸೆ ಮುಗಿಯುವ ಮೊದಲು, ಪ್ಲೇಟು ತೆಗೆಸುವ ಖರ್ಚೆಷ್ಟು ಎಂದು ಯಾರೂ ಲೆಕ್ಕ ಹಾಕುವ ಮೊದಲು ಬರುವ ಸಹಿಯ ಆತುರ ನಿಮ್ಮ ತಮ್ಮನದಲ್ಲ, ಎದುರಿನವರದು. ರಾಜಿ ಮಾಡಿಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಲೋಕ ಅದಾಲತ್‌ನಲ್ಲಿ ಒಳ್ಳೆಯ ಮೊತ್ತಕ್ಕೆ ರಾಜಿಯಾಗಿ ನೆಮ್ಮದಿಯಿಂದ ಮನೆಗೆ ಹೋದ ಕುಟುಂಬಗಳನ್ನು ಎಷ್ಟೋ ಕಂಡಿದ್ದೇನೆ. ಆದರೆ ಅಲ್ಲಿ ಆದ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ತನಗೆ ಆದ ನಷ್ಟ ಎಷ್ಟು ಎಂಬುದು ಕೈಯಲ್ಲಿರುವ ಕಾಗದಗಳಿಂದ ಗೊತ್ತಾದ ಮೇಲೆ ರಾಜಿಗೆ ಕೂರಬೇಕು, ಅದಕ್ಕೆ ಮೊದಲಲ್ಲ.

ಎಲ್ಲಕ್ಕಿಂತ ಮೊದಲು ದಿನಾಂಕದ ಮಾತು. ‘ಅಪಘಾತದ ಕೇಸನ್ನು ಯಾವಾಗ ಬೇಕಾದರೂ ಹಾಕಬಹುದು’ ಎಂದು ಊರಲ್ಲಿ ಹಿರಿಯರು ಹೇಳಿದರೆ ಅವರನ್ನು ದೂರುವಂತಿಲ್ಲ. 1994ರ ತಿದ್ದುಪಡಿಯಿಂದ ಮುಂದೆ ಬಹಳ ವರ್ಷ ಅದು ನಿಜವೇ ಆಗಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಂದು ಜಾರಿಗೆ ಬಂದು, ಅಪಘಾತ ನಡೆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ಮಿತಿ ಮರಳಿತು. ಈ ಮಿತಿಯ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಆದರೂ ಇನ್ನೊಬ್ಬರ ಮೊಕದ್ದಮೆಯ ಫಲವನ್ನು ನಂಬಿ ನೀವು ಕೂರಬಾರದು. ನಿಮ್ಮ ಬಳಿ ಒಂದೂವರೆ ತಿಂಗಳಿದೆ. ಊನದ ಪ್ರಮಾಣಪತ್ರ ಇನ್ನೂ ಸಿಕ್ಕಿಲ್ಲ ಎಂಬ ಕಾರಣಕ್ಕೆ ಕಾಯಬೇಡಿ, ಅದನ್ನು ಸಾಕ್ಷ್ಯದ ಹಂತದಲ್ಲಿ ಹಾಜರುಪಡಿಸಬಹುದು. ಅದೇ ಕಾಯ್ದೆಯ ಕಲಂ 166ರ ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಸ್ಥಳದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬೇಕೆಂದಿಲ್ಲ, ನಿಮ್ಮ ತಮ್ಮ ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಪರಿಹಾರದ ಮೇಲಿನ ಬಡ್ಡಿಯನ್ನು ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನಿಂದ ಕೊಡುವಂತಿಲ್ಲ. ಹಾಗಾಗಿ ತಡ ಮಾಡಿದಷ್ಟೂ ಬಡ್ಡಿ ಕಳೆಯುತ್ತದೆ.

ಈಗ ಶೇಕಡ 12ರ ವಿಷಯಕ್ಕೆ ಬರುತ್ತೇನೆ. ಇಲ್ಲಿ ಜನರಿಗೆ ಆಗುವ ಮೋಸ ನನ್ನನ್ನು ಇಷ್ಟು ವರ್ಷಗಳಾದರೂ ಕಲಕುತ್ತದೆ. ಕಾಲಿಗೆ ಶೇ. 36 ಎಂದು ವೈದ್ಯರು ಹೇಳಿದರೆ ಅದನ್ನು ಮೂರರಿಂದ ಭಾಗಿಸಿ ಇಡೀ ದೇಹಕ್ಕೆ ಶೇ. 12 ಎಂದು ಹಿಡಿಯುವುದು ನಮ್ಮ ರಾಜ್ಯದ ನ್ಯಾಯಮಂಡಳಿಗಳಲ್ಲಿ ರೂಢಿ. ಆ ಸಂಖ್ಯೆ ದೇಹದ ಬಗ್ಗೆ ಹೇಳುತ್ತದೆ, ದುಡಿಮೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕೆಂದು ಬಿಡಿಸಿ ಹೇಳಿತು. ಅಲ್ಲಿ ಕೊಟ್ಟ ಉದಾಹರಣೆ ಇದು: ಎಡಗೈ ಕಳೆದುಕೊಂಡವನ ಊನ ಶೇ. 60ರಷ್ಟು ಇರಬಹುದು. ಅವನು ಚಾಲಕನೋ ಬಡಗಿಯೋ ಆಗಿದ್ದರೆ ಗಳಿಕೆಯ ಶಕ್ತಿ ಹೆಚ್ಚುಕಡಿಮೆ ನೂರಕ್ಕೆ ನೂರು ಹೋದಂತೆ. ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದು ಅದೇ ಕೆಲಸದಲ್ಲಿ ಉಳಿದಿದ್ದರೆ ಅಷ್ಟು ನಷ್ಟವಿಲ್ಲ. ಗಾಯಗೊಂಡವನು ಮೊದಲು ಏನು ಮಾಡುತ್ತಿದ್ದ, ಈಗ ಅದರಲ್ಲಿ ಯಾವುದನ್ನು ಮಾಡಬಲ್ಲ, ಯಾವುದನ್ನು ಮಾಡಲಾರ, ಬೇರೆ ಕೆಲಸದಿಂದ ಬದುಕಬಲ್ಲನೇ ಎಂಬುದನ್ನು ನ್ಯಾಯಮಂಡಳಿ ಕೇಳಿಯೇ ತೀರ್ಮಾನಿಸಬೇಕು. ಎರಡೂ ಕೈಗಳ ಬಲ ಕಳೆದುಕೊಂಡ ಒಬ್ಬ ಬಡಗಿಗೆ ವೈದ್ಯರು ಶೇ. 90 ಎಂದಿದ್ದನ್ನು, ಜಗದೀಶ್ ವಿರುದ್ಧ ಮೋಹನ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಪೂರ್ಣ ನಷ್ಟವೆಂದೇ ಹಿಡಿಯಿತು.

ನಿಮ್ಮ ತಮ್ಮನ ಕೆಲಸವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಟೈಲ್ಸ್ ಹಾಕುವವನು ನಿಂತು ಕೆಲಸ ಮಾಡುವುದು ಸಾಮಗ್ರಿ ಹೊರುವಾಗ, ಗೋಡೆಗೆ ಹಚ್ಚುವಾಗ ಮಾತ್ರ. ಉಳಿದ ಹೊತ್ತೆಲ್ಲ ಕುಕ್ಕರುಗಾಲಿನಲ್ಲಿ ಕೂತು ಅಥವಾ ಮೊಣಕಾಲೂರಿ, ಕರಣೆಯಿಂದ ಗಾರೆ ಹರಡಿ, ಟೈಲ್ ಇಟ್ಟು, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ರಸಮಟ್ಟ ಇಟ್ಟು ನೋಡಿ, ಒಂದೊಂದೇ ಸಾಲು ಹಿಂದಕ್ಕೆ ಸರಿಯುತ್ತಾ ಬರಬೇಕು. ಮೊಣಕಾಲು ಮಡಚದವನಿಗೆ ಅಲ್ಲಿ ಕೆಲಸವಿಲ್ಲ. ಆದರೆ ಗಾಯಾಳು ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ, ಅಂದರೆ ಅಫಿಡವಿಟ್, ನಮ್ಮ ಕಡೆ ಸಿದ್ಧವಾಗುವಾಗ ಅದರಲ್ಲಿ ಇಷ್ಟೆಲ್ಲದಕ್ಕೆ ಒಂದೇ ವಾಕ್ಯ ಇರುತ್ತದೆ: ‘ನಾನು ಮೊದಲಿನಂತೆ ಕೆಲಸ ಮಾಡಲು ಸಾಧ್ಯವಾಗುತ್ತಿಲ್ಲ.’ ಇಷ್ಟು ಓದಿದ ನ್ಯಾಯಾಧೀಶರಿಗೆ ಶೇ. 12ನ್ನು ದಾಟಲು ಕಾರಣವೇ ಸಿಗುವುದಿಲ್ಲ. ಮುಖ್ಯ ವಿಚಾರಣೆಯ ಅಫಿಡವಿಟ್‌ನಲ್ಲಿ ಮೇಲಿನ ವಿವರವೆಲ್ಲ ಅವನದೇ ಮಾತಿನಲ್ಲಿ ಬರಬೇಕು. ವಕೀಲರು ಟೈಪು ಮಾಡಿಸಿದ್ದನ್ನು ಸಹಿಗೆ ಮುಂಚೆ ಅವನಿಗೆ ಓದಿ ಹೇಳಿಸಿ.

ವೈದ್ಯರ ಸಾಕ್ಷ್ಯವೂ ಅಷ್ಟೇ ಮುಖ್ಯ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ ಬಂದು ಹೇಳಿದರೆ ಅದಕ್ಕಿರುವ ತೂಕ ಬೇರೆ. ಚಿಕಿತ್ಸೆ ಕೊಡದೆ, ಕೋರ್ಟಿಗಾಗಿಯೇ ಪ್ರಮಾಣಪತ್ರ ಬರೆದುಕೊಡುವವರನ್ನು ಎಚ್ಚರದಿಂದ ನೋಡಬೇಕೆಂದು ಅದೇ 2010ರ ತೀರ್ಪು ಹೇಳಿದೆ. ಅನುಮಾನವಿದ್ದರೆ ವೈದ್ಯಕೀಯ ಮಂಡಳಿಗೆ ಕಳುಹಿಸಲೂ ನ್ಯಾಯಮಂಡಳಿಗೆ ಅವಕಾಶವಿದೆ. ವೈದ್ಯರು ಶೇಕಡಾವಾರು ಸಂಖ್ಯೆಯನ್ನಷ್ಟೇ ಹೇಳಿ ಇಳಿದುಬಿಡಬಾರದು. ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ (ಆರೋಗ್ಯವಂತರಲ್ಲಿ ಅದು 135ರ ಆಸುಪಾಸು), ಕಾಲು ಎಷ್ಟು ಗಿಡ್ಡವಾಗಿದೆ, ತೊಡೆಯ ಸ್ನಾಯು ಎಷ್ಟು ಸೊರಗಿದೆ, ಮೂಳೆ ಕೂಡಿದ್ದು ಹೊಸ ಎಕ್ಸ್‌ರೇಯಲ್ಲಿ ಹೇಗೆ ಕಾಣುತ್ತದೆ ಎಂಬುದನ್ನೆಲ್ಲ ಅಳೆದು ಹೇಳಬೇಕು. ಆಮೇಲೆ ನಿಮ್ಮ ವಕೀಲರು ಒಂದು ನೇರ ಪ್ರಶ್ನೆ ಕೇಳಬೇಕು: ‘ಈ ಕಾಲಿನಲ್ಲಿ ದಿನಕ್ಕೆ ಎಂಟು ಗಂಟೆ ಕುಕ್ಕರುಗಾಲಿನಲ್ಲಿ ಕೂತು ಕೆಲಸ ಮಾಡಲು ಸಾಧ್ಯವೇ?’ ಗಳಿಕೆಯ ನಷ್ಟ ಎಷ್ಟು ಎಂದು ತೀರ್ಮಾನಿಸುವುದು ವೈದ್ಯರ ಕೆಲಸವಲ್ಲ, ಅದು ನ್ಯಾಯಾಧೀಶರದು. ಆ ತೀರ್ಮಾನಕ್ಕೆ ಬೇಕಾದ ಸಾಮಗ್ರಿ ಮಾತ್ರ ವೈದ್ಯರ ಬಾಯಿಂದಲೇ ಬರಬೇಕು.

ಸಂಬಳದ ಚೀಟಿ ಇಲ್ಲವೆಂದು ಹೆದರಬೇಡಿ. ಕರ್ನಾಟಕದಿಂದಲೇ ಹೋದ ರಾಮಚಂದ್ರಪ್ಪ ಪ್ರಕರಣದಲ್ಲಿ ಅರ್ಜಿದಾರರು ಕೂಲಿ ಕಾರ್ಮಿಕರು. ತಿಂಗಳಿಗೆ 4,500 ರೂಪಾಯಿ ಗಳಿಸುತ್ತಿದ್ದೆ ಎಂದಿದ್ದರು, ಆಧಾರವಾಗಿ ಕಾಗದವಿರಲಿಲ್ಲ. ಕೂಲಿ ಮಾಡುವವರು ದಾಖಲೆ ತರಲಿ ಎಂದು ನಿರೀಕ್ಷಿಸುವಂತಿಲ್ಲ, ಕೇಳಿದ ಮೊತ್ತ ಆ ಕಾಲದ ಕೂಲಿಗೆ ಹೊಂದುತ್ತದೆಯೇ ಎಂದು ನೋಡಿದರೆ ಸಾಕು ಎಂಬ ನಿಲುವಿನಿಂದ ಸುಪ್ರೀಂ ಕೋರ್ಟು 2011ರಲ್ಲಿ ಆ ಮೊತ್ತವನ್ನೇ ಒಪ್ಪಿತು. ಏನೂ ಆಧಾರವಿಲ್ಲದಾಗ ಲೋಕ ಅದಾಲತ್‌ಗಳಿಗಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ರೂಪಿಸಿದ, ವರ್ಷವಾರು ಅಂದಾಜು ಆದಾಯದ ಪಟ್ಟಿಯನ್ನು ನಮ್ಮಲ್ಲಿ ಅನುಸರಿಸುತ್ತಾರೆ. ಆದರೆ ಆ ಪಟ್ಟಿ ಕಸುಬು ತಿಳಿದವನಿಗೂ ಗುದ್ದಲಿ ಹಿಡಿಯುವವನಿಗೂ ಒಂದೇ. ಟೈಲ್ಸ್ ಕೆಲಸಗಾರನ ದಿನಗೂಲಿ ಅದಕ್ಕಿಂತ ಮೇಲಿರುತ್ತದೆ. ಅದನ್ನು ತೋರಿಸಲು ಬೇಕಾದ್ದು ನಿಮ್ಮ ಮನೆಯಲ್ಲೇ ಇರಬಹುದು. ಮೇಸ್ತ್ರಿ ಫೋನ್‌ಪೇ, ಗೂಗಲ್ ಪೇ ಮೂಲಕ ಹಣ ಹಾಕಿದ್ದರೆ ಅಪಘಾತಕ್ಕೆ ಹಿಂದಿನ ಒಂದು ವರ್ಷದ ಬ್ಯಾಂಕ್ ವಿವರವನ್ನು ಬ್ಯಾಂಕಿನ ದೃಢೀಕರಣದೊಂದಿಗೆ ಪಡೆಯಿರಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಅದು ಕಸುಬಿಗೆ ಸಾಕ್ಷಿ, ಆದಾಯಕ್ಕಲ್ಲ. ಅವನಿಂದ ಟೈಲ್ಸ್ ಹಾಕಿಸಿಕೊಂಡ ಒಬ್ಬ ಮನೆಯ ಯಜಮಾನರು ಸಾಕ್ಷಿಕಟ್ಟೆಗೆ ಬಂದು, ಚದರ ಅಡಿಗೆ ಎಷ್ಟು ಕೊಟ್ಟೆ, ಎಷ್ಟು ದಿನದಲ್ಲಿ ಮುಗಿಸಿದ ಎಂದು ಹೇಳಿದರೆ ಅದು ಹತ್ತು ಕಾಗದಕ್ಕೆ ಸಮ.

ನೀವು ಕೇಳಿದ್ದರಲ್ಲಿ ನನಗೆ ನಿಜವಾಗಿ ಚಿಂತೆ ತಂದದ್ದು ‘ಬೈಕಿನಿಂದ ಬಿದ್ದು ಗಾಯ’ ಎಂಬ ಆ ಮೂರು ಪದ. ವಿಮಾ ಕಂಪನಿಯ ವಕೀಲರು ಮೊದಲು ಹುಡುಕುವುದು ಅದನ್ನೇ. ‘ತಾನಾಗಿಯೇ ಬಿದ್ದು, ಮೂರು ದಿನ ಯೋಚಿಸಿ, ವಿಮೆ ಇರುವ ಕಾರೊಂದನ್ನು ತಂದು ಸೇರಿಸಿದ್ದಾರೆ’ ಎಂಬುದು ಅವರ ವಾದವಾಗುತ್ತದೆ. ಹಾಗೆ ಸುಳ್ಳು ಕೇಸು ಹೂಡುವವರು ಇರುವುದರಿಂದಲೇ ಈ ವಾದಕ್ಕೆ ಕಿವಿಗೊಡುವ ನ್ಯಾಯಾಧೀಶರೂ ಇದ್ದಾರೆ. ಆ ಸುಳ್ಳಿನ ಬೆಲೆಯನ್ನು ತೆರುವುದು ನಿಮ್ಮ ತಮ್ಮನಂಥವರು.

ಆ ಚೀಟಿಯನ್ನು ತಿದ್ದಿಸಿಕೊಡಿ ಎಂದು ದಯವಿಟ್ಟು ಯಾರನ್ನೂ ಕೇಳಬೇಡಿ. ತಿದ್ದಿದ ದಾಖಲೆ ಇಡೀ ಪ್ರಕರಣವನ್ನು ಮುಳುಗಿಸುತ್ತದೆ. ಅದರ ಬದಲು, ಆ ಮಾತನ್ನು ಹೇಳಿದವರು ಯಾರು ಎಂದು ಹುಡುಕಿ. ಕರೆತಂದವರು ದಾರಿಹೋಕರೇ? ನೋವಿನಲ್ಲಿದ್ದ ನಿಮ್ಮ ತಮ್ಮನನ್ನು ಯಾರಾದರೂ ಏನಾದರೂ ಕೇಳಿದ್ದರೇ? ಡ್ಯೂಟಿ ವೈದ್ಯರು ಕರೆತಂದವರ ಬಾಯಿಂದ ಕೇಳಿ ಬರೆದುಕೊಂಡದ್ದಾದರೆ, ಅವರನ್ನು ಸಮನ್ಸ್ ಮೂಲಕ ಕರೆಸಿ ಅಷ್ಟನ್ನು ಹೇಳಿಸಿದರೂ ಆ ಪದಗಳ ವಿಷ ಇಳಿಯುತ್ತದೆ. 108 ಆಂಬುಲೆನ್ಸ್ ಬಂದಿದ್ದರೆ ಕರೆ ಬಂದ ಸಮಯ, ಸ್ಥಳ, ಕಾರಣ ಅಲ್ಲಿ ದಾಖಲಾಗಿರುತ್ತದೆ. ಎರಡನೆಯ ಆಸ್ಪತ್ರೆಯವರು ಠಾಣೆಗೆ ಕಳುಹಿಸಿದ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ) ಮಾಹಿತಿ ದೂರಿಗೆ ಮುಂಚಿನದಾಗಿದ್ದು, ಅದರಲ್ಲಿ ಕಾರು ಗುದ್ದಿದ ಮಾತಿದ್ದರೆ, ಮೂರು ದಿನದ ತಡಕ್ಕೂ ಆ ಚೀಟಿಗೂ ಒಟ್ಟಿಗೆ ಉತ್ತರ ಸಿಕ್ಕಂತೆ. ದೂರು ತಡವಾದ ಮಾತ್ರಕ್ಕೆ ಪರಿಹಾರ ನಿರಾಕರಿಸುವಂತಿಲ್ಲ, ಮನೆಯವರು ಮೊದಲು ಜೀವ ಉಳಿಸಲು ಓಡುತ್ತಾರೆ, ಠಾಣೆಗಲ್ಲ ಎಂಬುದನ್ನು ಸುಪ್ರೀಂ ಕೋರ್ಟು 2011ರಲ್ಲೇ, ರವಿ ವಿರುದ್ಧ ಬದರಿನಾರಾಯಣ್ ಪ್ರಕರಣದಲ್ಲಿ ಒಪ್ಪಿದೆ. ಆದರೆ ತಡಕ್ಕೆ ಕಾರಣವನ್ನು ನೀವು ಹೇಳಬೇಕು, ಅದು ಅರ್ಜಿಯಲ್ಲೇ ಇರಬೇಕು.

ಇನ್ನೊಂದು ಕಾಗದವನ್ನು ಎಲ್ಲರೂ ಲಗತ್ತಿಸುತ್ತಾರೆ, ಆದರೆ ಓದುವವರು ಕಡಿಮೆ: ಮೋಟಾರು ವಾಹನ ನಿರೀಕ್ಷಕರ ವರದಿ. ಎದುರುಬದುರಾಗಿ ಬಂದ ವಾಹನಗಳು ತಾಗುವುದು ಬಲಬದಿಗೆ ಬಲಬದಿ. ಕಾರಿನ ಬಲ ಮುಂಬಂಪರ್ ಒಡೆದಿದೆ, ಬೈಕಿನ ಬಲ ಫುಟ್‌ರೆಸ್ಟ್ ಬಾಗಿದೆ ಎಂದು ಅಲ್ಲಿ ಬರೆದಿದ್ದು, ಮುರಿದದ್ದೂ ಬಲಗಾಲೇ ಆಗಿದ್ದರೆ, ತಾನಾಗಿ ಬಿದ್ದ ಕಥೆ ನಿಲ್ಲುವುದಿಲ್ಲ. ಸ್ಥಳ ಮಹಜರಿನ ನಕ್ಷೆಯಲ್ಲಿ ಗುದ್ದಿದ ಜಾಗವನ್ನು ರಸ್ತೆಯ ಯಾವ ಬದಿಯಲ್ಲಿ ಗುರುತಿಸಿದ್ದಾರೆ ಎಂದೂ ನೋಡಿ. ನಿಮ್ಮ ತಮ್ಮನ ಎಡಬದಿಯಲ್ಲೇ ಇದ್ದರೆ, ಕಾರು ದಾಟಿ ಬಂದದ್ದಕ್ಕೆ ಅದೇ ಸಾಕ್ಷಿ. ಇಲ್ಲಿ ಕ್ರಿಮಿನಲ್ ಪ್ರಕರಣದಷ್ಟು ಕಟ್ಟುನಿಟ್ಟಾದ ರುಜುವಾತು ಬೇಕಿಲ್ಲ. ಯಾವುದು ಹೆಚ್ಚು ಸಂಭವನೀಯ ಎಂದು ತೂಗಿ ನೋಡಿದರೆ ಸಾಕು. ಕಾರಿನ ಚಾಲಕನ ಮೇಲೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಗಿದ್ದರೆ ತಕ್ಕಡಿ ನಿಮ್ಮ ಕಡೆ ವಾಲುತ್ತದೆ. ಯಾರಾದರೂ ಮೊಬೈಲಿನಲ್ಲಿ ವಿಡಿಯೊ ತೆಗೆದಿದ್ದರೆ ಮೂಲ ಫೋನನ್ನು ಜೋಪಾನ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದೊಂದಿಗೆ ಅದನ್ನು ಹಾಜರುಪಡಿಸಬೇಕು.

ಪರವಾನಗಿಯ ಅವಧಿ ಮುಗಿದಿದ್ದಕ್ಕೆ ದಂಡ ಬೀಳಬಹುದು, ಆದರೆ ಅದೊಂದೇ ಕಾರಣಕ್ಕೆ ಅಪಘಾತದಲ್ಲಿ ಅವನ ಪಾಲಿನ ತಪ್ಪೂ ಇದೆ ಎನ್ನುವಂತಿಲ್ಲ. ಈ ಮಾತನ್ನು ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ.

ಪಾಟೀ ಸವಾಲಿನ ದಿನಕ್ಕೆ ತಮ್ಮನನ್ನು ಸಿದ್ಧಪಡಿಸಿ. ಸುಳ್ಳು ಕಲಿಸಿ ಎನ್ನುತ್ತಿಲ್ಲ, ನಿಜವನ್ನು ಪೂರ್ತಿ ಹೇಳಲು ಧೈರ್ಯ ತುಂಬಿ. ‘ನೀವು ಇವತ್ತು ಕೋರ್ಟಿಗೆ ನಡೆದುಕೊಂಡೇ ಬಂದಿದ್ದೀರಿ ಅಲ್ಲವೇ?’ ಎಂದು ಎದುರು ಪಕ್ಷದ ವಕೀಲರು ಕೇಳುತ್ತಾರೆ. ‘ಹೌದು’ ಎಂದಷ್ಟೇ ಹೇಳಿದರೆ ‘ನಡೆದುಕೊಂಡು ಬಂದಿದ್ದೇನೆ ಎಂದರೆ ಸರಿ’ ಎಂದು ದಾಖಲಾಗುತ್ತದೆ. ‘ಹೌದು, ನಡೆಯುತ್ತೇನೆ, ಮೊಣಕಾಲು ಮಡಚಿ ಕೂರಲು ಆಗುವುದಿಲ್ಲ’ ಎಂದು ಹೇಳಿದರೆ ಪೂರ್ತಿ ಸತ್ಯ ದಾಖಲಾಗುತ್ತದೆ. ‘ಈಗಲೂ ಕೆಲಸ ಮಾಡುತ್ತೀರಲ್ಲವೇ?’ ಎಂದಾಗ, ಗೋಡೆ ಟೈಲ್ಸ್‌ಗೆ ಅಪರೂಪಕ್ಕೆ ಹೋಗುತ್ತಿದ್ದರೆ ಹೋಗುತ್ತೇನೆ ಎಂದೇ ಹೇಳಲಿ. ಕೈಲಾಗದವನಂತೆ ನಟಿಸಿ ಆಮೇಲೆ ಒಂದು ಫೋಟೊ ಹೊರಬಿದ್ದರೆ, ನಿಜವಾದ ನೋವನ್ನೂ ಯಾರೂ ನಂಬುವುದಿಲ್ಲ.

ಈಗ ಹಣದ ಲೆಕ್ಕ. ತಿಂಗಳ ಆದಾಯ 18,000 ಎಂದು ನ್ಯಾಯಮಂಡಳಿ ಒಪ್ಪಿತು ಎಂದಿಟ್ಟುಕೊಳ್ಳೋಣ. 2017ರ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ, ಸ್ವಂತ ದುಡಿಮೆಯವರಿಗೆ 40 ವರ್ಷದೊಳಗಾದರೆ ಮುಂದೆ ಹೆಚ್ಚಬಹುದಾದ ಗಳಿಕೆಗೆಂದು ಶೇ. 40 ಸೇರಿಸಬೇಕು, ಅದು 25,200 ಆಗುತ್ತದೆ. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35ರ ವಯಸ್ಸಿಗೆ ಗುಣಕ (ವರ್ಷದ ಗಳಿಕೆಯನ್ನು ಗುಣಿಸುವ ಸಂಖ್ಯೆ) 16. ಹನ್ನೆರಡು ತಿಂಗಳು, ಹದಿನಾರು ಪಟ್ಟು: 48,38,400. ಇದರ ಶೇ. 12 ಎಂದರೆ 5,80,608 ರೂಪಾಯಿ. ಗಳಿಕೆಯ ನಷ್ಟ ಶೇ. 40 ಎಂದು ಸಾಬೀತಾದರೆ 19,35,360. ಕಾಲು ಅದೇ, ವೈದ್ಯರು ಅವರೇ; ವ್ಯತ್ಯಾಸವಾಗುವುದು ಅವನ ಕೆಲಸದ ಬಗ್ಗೆ ಕೊಟ್ಟ ಸಾಕ್ಷ್ಯದಿಂದ. ಶೇ. 40 ಸಿಕ್ಕೇ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ, ಯಾವ ಪ್ರಾಮಾಣಿಕ ವಕೀಲರೂ ಕೊಡುವುದಿಲ್ಲ. ಬೇರೆ ಕೆಲಸ ಮಾಡಬಲ್ಲ ಎಂದು ಕಂಡರೆ ಅದು ಇಳಿಯುತ್ತದೆ. ಗಾಯದ ಪ್ರಕರಣಗಳಲ್ಲಿ ಭವಿಷ್ಯದ ಹೆಚ್ಚಳವನ್ನು ಸೇರಿಸದೆ ಬಿಡುವ ನ್ಯಾಯಮಂಡಳಿಗಳೂ ಇವೆ. ಅದು ಗಾಯಾಳುಗಳಿಗೂ ಸಲ್ಲಬೇಕು ಎಂದು 2020ರ ಪಪ್ಪು ದೇವ್ ಯಾದವ್ ತೀರ್ಪು ಹೇಳುವುದರಿಂದ, ಲಿಖಿತ ವಾದದಲ್ಲಿ ಅದನ್ನು ಕೇಳಲೇಬೇಕು. ಸಾವಿನ ಪ್ರಕರಣದಲ್ಲಿ ಮಾಡುವಂತೆ ಸ್ವಂತ ಖರ್ಚೆಂದು ಮೂರನೇ ಒಂದು ಭಾಗವನ್ನು ಇಲ್ಲಿ ಕಳೆಯುವಂತಿಲ್ಲ. ಎದುರು ಪಕ್ಷದವರ ಲೆಕ್ಕದಲ್ಲಿ ಹಾಗೆ ಕಳೆದಿದ್ದರೆ ಗಮನಿಸಿ.

ಇದಲ್ಲದೆ ಆಸ್ಪತ್ರೆ ಮತ್ತು ಔಷಧಿಯ ಖರ್ಚು, ಓಡಾಟ, ಪೌಷ್ಟಿಕ ಆಹಾರ, ನೋಡಿಕೊಂಡವರ ಶ್ರಮ, ಹಾಸಿಗೆ ಹಿಡಿದ ತಿಂಗಳುಗಳ ಪೂರ್ತಿ ಗಳಿಕೆ, ನೋವು, ನೆಲದ ಮೇಲೆ ಕೂತು ಊಟ ಮಾಡುವಂಥ ಸಣ್ಣ ಸುಖಗಳು ತಪ್ಪಿದ್ದು, ಪ್ಲೇಟು ತೆಗೆಸುವ ಮುಂದಿನ ಖರ್ಚು, ಎಲ್ಲಕ್ಕೂ ಬೇರೆಬೇರೆ ಬಾಬ್ತುಗಳಿವೆ. ಪ್ಲೇಟಿನ ಖರ್ಚಿಗೆ ವೈದ್ಯರಿಂದ ಅಂದಾಜು ಬರೆಸಿಕೊಳ್ಳಿ. ಬಿಲ್ಲುಗಳ ಕಪ್ಪು ಅಕ್ಷರ ಆರು ತಿಂಗಳಲ್ಲಿ ಮಾಸುತ್ತದೆ, ಇಂದೇ ಜೆರಾಕ್ಸ್ ಮಾಡಿಸಿ ಮೂಲದ ಜೊತೆ ಪಿನ್ ಮಾಡಿಡಿ. ಅರ್ಜಿಯಲ್ಲಿ ಕಡಿಮೆ ಕೇಳಿದ್ದರೂ ನ್ಯಾಯಯುತ ಮೊತ್ತ ಅದಕ್ಕಿಂತ ಹೆಚ್ಚೆಂದು ಕಂಡರೆ ನ್ಯಾಯಮಂಡಳಿ ಕೊಡಬಹುದು ಎಂದು 2002ರ ನಾಗಪ್ಪ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದ್ದರಿಂದ ಮೊತ್ತದ ಚಿಂತೆಯಿಂದ ಅರ್ಜಿ ತಡವಾಗುವುದು ಬೇಡ.

ವಕೀಲರ ವಿಷಯವಾಗಿ ಒಂದು ಮಾತು, ನನ್ನ ವೃತ್ತಿಯವರಿಗೆ ಬೇಸರವಾದರೂ ಸರಿ. ‘ಈಗ ಏನೂ ಕೊಡಬೇಡಿ, ಬಂದದ್ದರಲ್ಲಿ ಇಷ್ಟು ಪಾಲು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪರಿಹಾರದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಹಣದ ತೊಂದರೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಅದರ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಅಂಗವಿಕಲರಿಗೆ ಆದಾಯ ನೋಡದೆ ಉಚಿತ ನೆರವು ಕೊಡಲು ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಲ್ಲಿ ಅವಕಾಶವಿದೆ.

ಇಷ್ಟಕ್ಕೆ ಒಂದೆರಡು ವರ್ಷ ಹಿಡಿಯುವುದು ಸಾಮಾನ್ಯ. ಬಂದವರು ಆ ಒಂದು ಮಾತನ್ನು ನಿಜವೇ ಹೇಳಿದ್ದಾರೆ. ಅಷ್ಟರಲ್ಲಿ ಲೋಕ ಅದಾಲತ್‌ಗೆ ಪ್ರಕರಣ ಹೋದರೆ, ವೈದ್ಯರ ಸಾಕ್ಷ್ಯ ಮುಗಿದಿದೆಯೇ ಎಂದು ನೋಡಿಕೊಂಡು ಮಾತಿಗೆ ಕೂರಿ. ಆಗ ನಿಮ್ಮ ಕೈಯಲ್ಲೂ ಒಂದು ಲೆಕ್ಕವಿರುತ್ತದೆ. ಅದಕ್ಕೆ ಮುಂಚೆ, ಈ ವಾರವೇ ಆಗಬೇಕಾದದ್ದು ಎರಡು: ಠಾಣೆಯಿಂದ ಎಫ್‌ಐಆರ್, ಮಹಜರು, ನಕ್ಷೆ, ನಿರೀಕ್ಷಕರ ವರದಿಯ ಪ್ರತಿಗಳು, ಮತ್ತು ಮೊದಲ ಆಸ್ಪತ್ರೆಯಲ್ಲಿ ಆ ರಾತ್ರಿಯ ಡ್ಯೂಟಿ ವೈದ್ಯರು ಯಾರೆಂಬ ವಿಚಾರಣೆ. ಅಂಥ ವೈದ್ಯರಿಗೆ ವರ್ಗವಾಗುತ್ತಲೇ ಇರುತ್ತದೆ, ಹೆಸರು ಈಗಲೇ ಬರೆದಿಟ್ಟುಕೊಳ್ಳಿ.